ಊರಿದ ಹೆಬ್ಬೆರಳು

ಕೆಳಗಿನ ಮನೆ ಟೀಚರ್ ಅವರ ಬಲಗೈ ಹೆಬ್ಬೆರಳು ಹುಣಸೆಕಾಯಿಯಂತೆ ಹಿಂದಕ್ಕೆ ಬಾಗಿತ್ತು. ಕಲಿಯುವವರು ವಾಕ್ಯವನ್ನು ಅರ್ಧ ಹೇಳಿ ನಿಂತರೆ ಆ ಬೆರಳನ್ನು ಮೇಜಿನ ಮೇಲೆ ಊರಿ ಕಾಯುವರು. ಉಳಿದರ್ಧ ಬರುವವರೆಗೆ ಬೆರಳು ಏಳುತ್ತಿರಲಿಲ್ಲ. ಸಂಜೆ ಪಾಠಕ್ಕೆ ಬರುವ ಮಕ್ಕಳು ಬೈಗುಳಕ್ಕಿಂತ ಆ ಬೆರಳಿಗೇ ಹೆಚ್ಚು ಹೆದರುತ್ತಿದ್ದವು.

ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ ಜೀವನ್ ಬಿಮಾ ನಗರಕ್ಕೆ ಬಂದವರು. ಹಲಸೂರಿನಲ್ಲಿ ಬೆಳೆದದ್ದರಿಂದ ಸೊಪ್ಪಿನವಳ ಹತ್ತಿರ ತಮಿಳು, ಆಟೋದವನ ಹತ್ತಿರ ಉರ್ದು, ನಮ್ಮ ಹತ್ತಿರ ಕನ್ನಡ. ಇಂಗ್ಲಿಷ್ ಮಾತ್ರ ಪಾಠದ ಮೇಜು ಬಿಟ್ಟು ಇಳಿಯುತ್ತಿರಲಿಲ್ಲ. "ಅನ್ನ ಕೊಟ್ಟ ಭಾಷೆ ಅದು, ಬೀದಿ ಜಗಳಕ್ಕೆಲ್ಲಾ ತರಬಾರದು" ಎನ್ನುವರು. ನಿಜ ಹೇಳಬೇಕೆಂದರೆ ಜಗಳಕ್ಕೆ ಅವರಿಗೆ ಉಳಿದ ಮೂರು ಧಾರಾಳವಾಗಿ ಸಾಕಾಗುತ್ತಿದ್ದವು. ಮಡಿಗೂ ಬೀದಿಯಲ್ಲೇ ಹೆಸರಾದವರು. ಬೇರೆಯವರ ಮನೆಯಲ್ಲಿ ನೀರು ಕುಡಿಯಲೂ ಹಿಂದೆಮುಂದೆ ನೋಡುವರು.

ನನ್ನ ಗಂಡ ಕಾರ್ಖಾನೆಯಿಂದ ಬರುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ನನಗೆ ಅಳು ಬರಲಿಲ್ಲ. ಗೋಡೆಗೆ ಒರಗಿ ಕೂತಿದ್ದೆ. ಯಾರೋ ಸೀರೆ ಬದಲಾಯಿಸು ಅಂದರು, ಬದಲಾಯಿಸಿದೆ. "ಎಂಥಾ ಗಟ್ಟಿ ಹೆಂಗಸು ನೋಡಿ" ಎಂದು ನೆಂಟರು ಪಿಸುಗುಟ್ಟಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ಕೆನ್ನೆ ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು.

ಅನುಕಂಪದ ಆಧಾರದ ಮೇಲೆ ನನಗೊಂದು ಗುಮಾಸ್ತೆ ಕೆಲಸ ಕೊಡುವುದಾಗಿ ಕಾರ್ಖಾನೆಯಿಂದ ಹೇಳಿಕಳಿಸಿದ್ದರು. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ನಾನು ಕನ್ನಡ ಮೀಡಿಯಂ. ಪಾಸಾಗದಿದ್ದರೆ ಅತ್ತೆಯನ್ನೂ ಮಗಳನ್ನೂ ಕಟ್ಟಿಕೊಂಡು ಕೆ.ಆರ್. ಪುರದ ಅಣ್ಣನ ಮನೆಯ ಹಿಂದಿನ ಕೋಣೆ ಸೇರಬೇಕು. ಅದೆಲ್ಲ ಗೊತ್ತಿದ್ದೂ ನಾನು ಕೂತಲ್ಲಿಂದ ಏಳಲಿಲ್ಲ.

ಸೂತಕ ಇನ್ನೂ ಕಳೆದಿರಲಿಲ್ಲ. ಬಂದವರು ಯಾರೂ ನಮ್ಮ ಮನೆಯ ಲೋಟ ಮುಟ್ಟುತ್ತಿರಲಿಲ್ಲ. ಟೀಚರ್ ಮೆಟ್ಟಿಲು ಹತ್ತಿ ಬಂದು ಊಟದ ಮೇಜಿನ ಮುಂದೆ ಕೂತು, "ಒಂದು ಲೋಟ ಕಾಫಿ ಮಾಡಮ್ಮಾ" ಎಂದರು.

ನಮ್ಮತ್ತೆ ಗಾಬರಿಯಾದರು. "ಸೂತಕದ ಮನೆ ಕಣ್ರೀ, ಟೀಚರ್!"

"ನನ್ನ ತಲೆನೋವಿಗೆ ಅದೆಲ್ಲಾ ಗೊತ್ತಾಗಲ್ಲಾ ರೀ. ಏಳಮ್ಮಾ ನೀನು."

ನನಗೆ ಸಿಟ್ಟು ಬಂತು. ಗಂಡ ಹೋದ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಎದ್ದು ಒಲೆ ಹಚ್ಚಿದೆ. ಅವರು ಕಾಫಿಯನ್ನು ತಳದವರೆಗೆ ಕುಡಿದು ಲೋಟ ಇಟ್ಟರು.

"ಈಗೇನ್ ಮಾಡ್ದೆ? ಕಾಫಿ ಮಾಡಿ, ಕೊಟ್ಟೆ. ಎರಡನ್ನೂ ಸೇರಿಸಿ ಇಂಗ್ಲಿಷಲ್ಲಿ ಹೇಳು. 'ಹ್ಯಾವಿಂಗ್' ಅಂತ ಶುರು ಮಾಡು."

"ಹ್ಯಾವಿಂಗ್ ಮೇಡ್ ಕಾಫಿ..." ಎಂದು ನಿಂತೆ. ಹೆಬ್ಬೆರಳು ಮೇಜಿನ ಮೇಲೆ ಕೂತಿತು. "ಐ ಗೇವ್ ಟು ಟೀಚರ್."

"ಗೇವ್ ಇಟ್" ಎಂದು ತಿದ್ದಿ ಬೆರಳೆತ್ತಿದರು.

ಅಲ್ಲಿಂದ ದಿನಾ ಸಂಜೆ ಅದೇ. "ಎದ್ದು, ಗುಡಿಸಿ, ಬೇಯಿಸಿ ಅಂತ ಹುಟ್ಟಿದಾಗಿಂದ ಕನ್ನಡದಲ್ಲಿ ಪೋಣಿಸ್ತಾನೇ ಇದೀಯಲ್ಲ, ಇಂಗ್ಲಿಷಿಗೇನು ಕೊಂಬಾ?" ಎನ್ನುವರು. ಪುಸ್ತಕದ ವಾಕ್ಯ ಒಪ್ಪುತ್ತಿರಲಿಲ್ಲ. ಅವತ್ತು ನನ್ನ ಕೈಯಾರೆ ಮಾಡಿದ್ದನ್ನೇ ಹೇಳಬೇಕು. ಸಂಜೆ ಹೇಳಲು ಏನಾದರೂ ಬೇಕಲ್ಲ ಎಂದು ಬಟ್ಟೆ ನೆನೆಸಿದೆ, ಮಗಳ ಜಡೆ ಹಾಕಿದೆ, ಮಾರ್ಕೆಟ್ಟಿಗೆ ಹೋಗಿ ಹುರುಳಿಕಾಯಿ ತಂದೆ. ಹಾಗೆ ಮನೆ ನಡೆಯತೊಡಗಿತು.

ಒಂದು ಸಂಜೆ ಮಾತ್ರ, ಗಂಡನನ್ನು ಕಳೆದುಕೊಂಡ ಮಾತು ತಾನಾಗಿ ಬಂತು. "ಹ್ಯಾವಿಂಗ್ ಲಾಸ್ಟ್ ಮೈ ಹಸ್ಬೆಂಡ್..." ಹೆಬ್ಬೆರಳು ಕೂತಿತು. "ಐ..." ಎಂದೆ. ಮುಂದೆ ಏನೂ ಇರಲಿಲ್ಲ. ಕುಕ್ಕರ್ ಕೂಗಿ ಸುಮ್ಮನಾಯಿತು. ಟೀಚರ್ ತಾವೇ ಬೆರಳೆತ್ತಿದರು. ಅರ್ಧಕ್ಕೆ ಬಿಟ್ಟುಕೊಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇರಲಿ, ಆಮೇಲೆ ಹೇಳುವಿಯಂತೆ" ಎಂದರು.

ಪರೀಕ್ಷೆ ಪಾಸಾಯಿತು. ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮನೆ ಬಿಡಬೇಕಾಗಲಿಲ್ಲ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಆ ಉಳಿದರ್ಧವನ್ನು ಟೀಚರ್ ಮತ್ತೆಂದೂ ಕೇಳಲಿಲ್ಲ.

ಮೊನ್ನೆ ಟೀಚರ್ ಹೋದರು. ಮೇಜನ್ನು ಗೋಡೆಗೆ ಸರಿಸಿ ಅಲ್ಲೇ ಮಲಗಿಸಿದ್ದರು. ಯಾರೋ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟುತ್ತಿದ್ದರು. ಬಾಗಿದ ಬೆರಳು ನಿಲ್ಲದೆ ಮತ್ತೆ ಮತ್ತೆ ಜಾರಿ ಹೊರಗೆ ಬರುತ್ತಿತ್ತು. ಹೊರಮಾವಿನಿಂದ ಬಂದಿದ್ದ ಅವರ ಮಗಳು ಗೋಡೆಗೆ ಒರಗಿ ಕೂತಿದ್ದಳು. ಕಣ್ಣಲ್ಲಿ ಒಂದು ಹನಿಯಿಲ್ಲ. ಬಾಗಿಲ ಹತ್ತಿರ ಯಾರೋ "ಗಟ್ಟಿ" ಎಂದದ್ದು ಕೇಳಿಸಿತು. ನನಗೂ ಅಳು ಬರಲಿಲ್ಲ.

ಆ ಬೆರಳನ್ನು ನೋಡುತ್ತಾ ಮೆಲ್ಲಗೆ ಹೇಳಿದೆ, "ಹ್ಯಾವಿಂಗ್ ಲಾಸ್ಟ್ ಮೈ ಹಸ್ಬೆಂಡ್, ಐ ಮೇಡ್ ಕಾಫಿ ಫಾರ್ ಮೈ ಟೀಚರ್."

"ಏನಂದ್ರಿ ಅಕ್ಕಾ?" ಎಂದಳು ಅವರ ಮಗಳು.

"ಕಾಫಿ ತರ್ತೀನಿ, ಇರು" ಎಂದು ಹೇಳಿ ಮೆಟ್ಟಿಲು ಹತ್ತಿದೆ.