ಕೆಂಡ ಕಾಯುವ ಮುದುಕಿ

ಇವತ್ತು ಬೆಳಿಗ್ಗೆ ಬಚ್ಚಲೊಲೆಯ ಬೂದಿ ಕೆದಕಿದೆ. ಅಡಿಯಲ್ಲಿ ನಿನ್ನೆಯ ಕೆಂಡ ಇನ್ನೂ ಕೆಂಪಗಿತ್ತು. ಆ ಬಿಸಿ ಬೂದಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನೆರೆಮನೆಯ ಅಜ್ಜಿ ನೆನಪಾದರು...

ಜಾವಳಿಯ ಹತ್ತಿರ ನಮ್ಮದು ಮೂರೆಕರೆ ಕಾಫಿ ತೋಟ. ಅಜ್ಜಿ ಎಸ್ಟೇಟ್ ಕೆಲಸ ಬಿಟ್ಟ ಮೇಲೆ ನಮ್ಮ ಜಗಲಿಗೆ ಬಂದು ಕಾಫಿಬೀಜದಲ್ಲಿ ಕರಿಬೀಜ ಆರಿಸುತ್ತಿದ್ದರು. ನಾನಾಗ ಶಿಲಾಯುಗದ ಕಾದಂಬರಿ ಬರೆಯುತ್ತಿದ್ದೆ, ಇದೇ ಗುಡ್ಡಗಳಲ್ಲಿ ಅಲೆದ ಒಂದು ಗುಂಪಿನ ಕತೆ. ಅಜ್ಜಿಗೆ ಓದು ಬಾರದು. ನಾನು ಓದಿ ಹೇಳುತ್ತಿದ್ದೆ. ಬೀಜದ ಜೊತೆಗೆ ನನ್ನ ತಪ್ಪುಗಳನ್ನೂ ಆರಿಸುತ್ತಿದ್ದರು!

ನನ್ನ ನಾಯಕ ಜೇನಿಗಾಗಿ ಸಿಲ್ವರ್ ಮರ ಹತ್ತಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ಅಲ್ಲ ಮಾರಾಯ, ಸಿಲ್ವರ್ ಬಂದಿದ್ದೇ ಬಿಳಿ ದೊರೆಗಳ ಕಾಲ್ದಲ್ಲಿ. ಈ ಗುಡ್ಡದ ಸಸಿ ನಾನೇ ಹೊತ್ತು ನೆಟ್ಟಿದ್ದು!"

ಹುಟ್ಟಿದಾಗಿನಿಂದ ಕಾಫಿಗಿಡಗಳಿಗೆ ನೆರಳಾಗಿ ನೋಡಿದ ಮರ, ಅದಿಲ್ಲದ ಕಾಡು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ತಿದ್ದಿದೆ.

ಬೆಂಕಿಯ ಪುಟಕ್ಕೆ ಮಾತ್ರ ಜಗಳವೇ ಆಯಿತು. ಸುರಿಯುವ ಆಷಾಢದಲ್ಲಿ ನನ್ನ ನಾಯಕ ಕಲ್ಲಿಗೆ ಕಲ್ಲು ಕುಟ್ಟಿ ಬೆಂಕಿ ಹೊತ್ತಿಸುತ್ತಾನೆ. ಅಜ್ಜಿಯ ಕೈ ನಿಂತಿತು.

"ನಮ್ಮ ಮಳೇಲಿ ಬೆಂಕಿಕಡ್ಡಿನೇ ಹತ್ತಲ್ಲ, ಕಲ್ಲು ಹತ್ತುತ್ತಾ? ಯಾರೋ ಒಬ್ಳು ಮುದ್ಕಿ ಕೆಂಡ ಕಾಯ್ಕೊಂಡು ಕೂತಿರ್ತಾಳೆ. ಅವಳನ್ನ ಎಲ್ಲಿ ಬಿಟ್ಟೆ?"

"ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ಕತೇಲಿ ಒಂದು ಸುಳ್ಳು ಇರ್ಲಿ ಬಿಡಿ ಅಜ್ಜಿ," ಎಂದೆ. ನನಗೆ ಬೇಕಿದ್ದವನು ನಾಯಕ, ಮುದುಕಿಯಲ್ಲ. ಆ ಪುಟ ಹಾಗೆಯೇ ಅಚ್ಚಾಯಿತು.

ಪುಸ್ತಕ ಕೈಗಿಟ್ಟಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಆ ಮುದ್ಕಿನ ಸೇರಿಸಿದ್ಯಾ?"

"ಹ್ಞೂಂ ಅಜ್ಜಿ," ಎಂದುಬಿಟ್ಟೆ.

ಅವರು ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತರು... ನಾನು ಚಿಕ್ಕವನಿದ್ದಾಗ ಮಳೆಗಾಲದಲ್ಲಿ ನಮ್ಮ ಒಲೆ ಆರಿದರೆ, ಅಮ್ಮ ಕೈಗೊಂದು ಕರಟ ಕೊಟ್ಟು ಕೆಂಡ ತರಲು ಕಳಿಸುತ್ತಿದ್ದುದು ಅವರ ಮನೆಗೇ. ಅದು ನೆನಪಾದದ್ದು ಆಗ. ಓದಲು ಬಾರದವರಿಗೆ ಸುಳ್ಳು ಹೇಳಿದ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಜ್ಜಿ ತೀರಿಕೊಂಡು ಐದು ವರ್ಷವಾಯಿತು. ಈಗ ಕಾದಂಬರಿ ಮರುಮುದ್ರಣವಾಗುತ್ತಿದೆ, ಕರಡು ಮೇಜಿನ ಮೇಲಿದೆ. ಒಲೆಯ ಮುಂದಿನಿಂದ ಎದ್ದು ಬಂದವನೇ ಆ ಪುಟ ಹೊಡೆದುಹಾಕಿ, ಮುದುಕಿಯನ್ನು ಬರೆದೆ. ಜಗಲಿಗೆ ಹೋಗಿ ಗಟ್ಟಿಯಾಗಿ ಓದಿದೆ.

ಎಲ್ಲಿ ತಪ್ಪಿದೆನೋ... ಹೇಳುವವರಿಲ್ಲ.