ಬೋರ್ಡಿಲ್ಲದ ಓಣಿಗಳು

ಚಳ್ಳಕೆರೆಯಲ್ಲಿ ಬಾಡಿಗೆ ಮನೆ ಬೇಕೆಂದರೆ ದಲ್ಲಾಳಿ ಸಿದ್ದಲಿಂಗೇಶನನ್ನು ಹಿಡಿಯಬೇಕು. ಮೊದಲು ಹಾಗಿರಲಿಲ್ಲ. ಖಾಲಿಯಾದ ಮನೆಯ ಗೇಟಿಗೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ತೂಗುತ್ತಿತ್ತು, ಬೇಕಾದವರು ಓದಿಕೊಂಡು ಬಾಗಿಲು ಬಡಿಯುತ್ತಿದ್ದರು. ಇದರಲ್ಲಿ ನಮಗೇನು ಗಿಟ್ಟಿತು ಎಂದು ದಲ್ಲಾಳಿಗಳೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪು ಮಾಡಿಕೊಂಡರು. ಖಾಲಿ ಮನೆಯ ಸುದ್ದಿ ಗ್ರೂಪಿಗೆ ಮಾತ್ರ, ಹೊರಗಿನವರ ಮುಂದೆ ಬಾಯಿ ಬಿಡುವಂತಿಲ್ಲ. ಬೋರ್ಡು ಹಾಕಿದ ಮಾಲೀಕರ ಮನೆಗೆ ಯಾರನ್ನೂ ಕರೆದೊಯ್ಯುವಂತಿಲ್ಲ. ಈ ಅತಿಬುದ್ಧಿ ಸಿದ್ದಲಿಂಗೇಶನದೇ. ಸ್ಕೂಟರಿನಲ್ಲಿ ಓಣಿ ಓಣಿ ಸುತ್ತಿ ಬೋರ್ಡು ಬಿಚ್ಚಿಸಿದವನೂ ಅವನೇ.

ಮಹಾಂತೇಶನೆಂಬ ದಲ್ಲಾಳಿಯೊಬ್ಬನನ್ನು ಮಾತ್ರ ಗ್ರೂಪಿಗೆ ಸೇರಿಸಿಕೊಳ್ಳಲಿಲ್ಲ. ಬಡವರು ಬಂದರೆ ಅವನು ಕಮಿಷನ್ನಿನಲ್ಲಿ ಅರ್ಧ ಬಿಡುತ್ತಾನಂತೆ, ಅದೂ ಒಂದು ಅಪರಾಧ ನೋಡಿ. ಮನೆಗಳ ಸುದ್ದಿಯನ್ನೇ ಇವರು ಕಟ್ಟಿಹಾಕಿದ್ದಾರೆಂದು ಅವನು ವ್ಯಾಪಾರಿಗಳ ಒಳಒಪ್ಪಂದ ವಿಚಾರಿಸುವ ದೆಹಲಿಯ ಸ್ಪರ್ಧಾ ಆಯೋಗಕ್ಕೆ ದೂರು ಕೊಡಲು ಹೊರಟಾಗ ಸಿದ್ದಲಿಂಗೇಶ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಸಿದ್ದಲಿಂಗೇಶನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ತ್ರಿವೇಣಿ ಗಂಡ ತೀರಿಕೊಂಡ ಮೇಲೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗಳಿಗೆ ಬ್ಲೌಸು ಹೊಲಿಯುತ್ತಿದ್ದಳು. ಅವಳು ತನ್ನ ಓಣಿಗೆ ಬಂದು ಇರಬೇಕು, ದಿನಾ ಸಂಜೆ ಅವಳ ಕೈಯ ಟೀ ಕುಡಿಯಬೇಕು ಎಂದು ಅವನಿಗೆ ಬಹಳ ಆಸೆಯಿತ್ತು. ಶ್ರಾವಣದಲ್ಲಿ ಅವಳ ಫೋನು ಬಂತು.

"ರಾಯದುರ್ಗಕ್ಕೆ ಬಂದುಬಿಟ್ಟೆ ಕಣೋ ಸಿದ್ದ. ಮಿಷನ್ ಹಾಕಾಕೆ ಪಡಸಾಲೆ ಐತೆ, ಒಳ್ಳೆ ಮನೆ."

"ಚಳ್ಳಕೆರೆಗೆ ಬರ್ತೀನಿ ಅಂದಿದ್ಯಲ್ಲಕ್ಕ?"

"ಬಂದಿದ್ನಲ್ಲೋ. ನಿನಗೆ ಹೇಳಿದ್ರೆ ಕಮಿಷನ್ ಬಿಡ್ತೀಯ, ನಿಮ್ಮೋರೆಲ್ಲ ನಿನ್ನ ಮೇಲೆ ಬೀಳ್ತಾರೆ ಅಂತ ಸುಮ್ನಿದ್ದೆ. ಬೋರ್ಡು ನೋಡಿ ನಾನೇ ಮನೆ ಹಿಡಿಯಾನ ಅಂತ ಊರೆಲ್ಲ ಸುತ್ತಿದೆ, ನಿಮ್ಮ ಓಣೀನೂ ಬಿಡಲಿಲ್ಲ. ಒಂದು ಮನೇನೂ ಖಾಲಿ ಇಲ್ಲ ಕಣೋ. ಇಲ್ಲಿ ನೋಡು, ಬೀದಿಗೊಂದು ಬೋರ್ಡು."

 ಸಿದ್ದಲಿಂಗೇಶನ ಎದುರು ಮನೆಯೇ ಯುಗಾದಿಯಿಂದ ಖಾಲಿ ಬಿದ್ದಿತ್ತು. ಆ ಗೇಟಿನ ಮುಂದೆಯೇ ಅಕ್ಕ ಬಿಸಿಲಿನಲ್ಲಿ ಹಾದುಹೋಗಿದ್ದಾಳೆ. ಅಯ್ಯೋ, ನನ್ನ ಕೈಯಾರೆ ಎಂಥ ಕೆಲಸ ಮಾಡಿಕೊಂಡೆ ಎಂದು ಹಣೆ ಚಚ್ಚಿಕೊಂಡ. ಆದರೆ ಅಕ್ಕ ಅಡ್ವಾನ್ಸು ಕೊಟ್ಟಾಗಿತ್ತು, ಗಿರಾಕಿಗಳೂ ಹತ್ತಿದ್ದರು. ಇಲ್ಲಿ ಮನೆ ಇತ್ತು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ವಾರವಿಡೀ ಕೈ ಕೈ ಹಿಸುಕಿಕೊಂಡು, ಕೊನೆಗೆ ಮಹಾಂತೇಶನ ಅಂಗಡಿಗೆ ಹೋಗಿ ಪೆಚ್ಚುಮೋರೆ ಹಾಕಿಕೊಂಡು ನಿಂತ.

"ನಿನ್ನ ದೂರಿನಾಗೆ ಮನೆ ಸಿಗದೋರ ಜೊತೆ ನಮ್ಮಕ್ಕನ ಹೆಸರೂ ಸೇರಿಸು. ಬೋರ್ಡು ಬಿಚ್ಚಿಸಿದೋನು ನಾನೇ ಅಂತಾನೂ ಬರಿ."

ನಡೆದದ್ದನ್ನೆಲ್ಲ ಕೇಳಿದ ಮಹಾಂತೇಶ ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದ.

"ಬರೀತೀನಪ್ಪ. ಆದ್ರೆ ಸಹಿ ಅಕ್ಕಾರೇ ಹಾಕ್ಬೇಕು. ಅವರಿಗೆ ಹೇಳಿದ್ಯಾ?"

"ಹೆಂಗೆ ಹೇಳ್ಲಿ ಮಹಾಂತೇಶ?" ಎಂದ ಸಿದ್ದಲಿಂಗೇಶ. "ಅವಳು ನೋಡಿದ್ರೆ, ನನ್ನ ತಮ್ಮ ಅಂಥ ದಲ್ಲಾಳಿ, ಊರಾಗೆ ಒಂದು ಮನೇನೂ ಖಾಲಿ ಉಳಿಸಿಲ್ಲ ಅಂತ ರಾಯದುರ್ಗದ ತುಂಬ ಹೇಳ್ಕೊಂಡು ಓಡಾಡ್ತಾಳೆ."