ಅಕ್ಕ ಬಿಟ್ಟ ಖಾಲಿ ಸಾಲುಗಳು

ನಮ್ಮಕ್ಕ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಜಡ್ಜ್ ಹೇಳಿದ್ದನ್ನೂ ಸಾಕ್ಷಿ ನುಡಿದದ್ದನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಹಿಡಿದು ಟೈಪ್ ಮಾಡುವುದು ಅವಳ ಕೆಲಸ. ತನ್ನ ಕಿವಿಗೆ ಬೀಳದ ಒಂದಕ್ಷರವನ್ನೂ ಬರೆದವಳಲ್ಲ. ಮನೆಯಲ್ಲೂ ಅದೇ ಗೋಳು. ಎಲ್ಲರೂ ಹಾಗೇ ಹೇಳುತ್ತಾರೆ ಅಂದರೆ ಸಾಕು, ಎಲ್ಲರೂ ಅಂದರೆ ಯಾರು, ನೀನೇ ಕೇಳಿದೆಯಾ, ಎಷ್ಟು ಹೊತ್ತಿಗೆ ಎಂದು ಪಾಟೀಸವಾಲು ಶುರು. ಇಂಥವಳ ಜೊತೆ ಒಂದೇ ಸೂರಿನಡಿ ಬೆಳೆದ ತಮ್ಮ ನಾನು. ಸುಳ್ಳು ಹೇಳುವುದನ್ನು ಹತ್ತನೇ ವಯಸ್ಸಿಗೇ ಬಿಟ್ಟಿದ್ದೇನೆ ಅಂದುಕೊಂಡಿದ್ದೆ.

ಅವಳದೊಂದು ಅಭ್ಯಾಸವಿತ್ತು. ಮಾತಾಡಬೇಕಾದವರು ಇನ್ನೂ ಮಾತಾಡಿಲ್ಲ ಅಂದರೆ, ಪುಸ್ತಕದಲ್ಲಿ ಅವರು ಯಾರೆಂದು ಬರೆದು ಮುಂದೆ ಮೂರು ಸಾಲು ಖಾಲಿ ಬಿಡುವಳು. ಅದು ತುಂಬುವ ತನಕ ಕೆಳಗೆ ಮುಗಿಯಿತೆಂಬ ಗೆರೆ ಎಳೆಯುತ್ತಿರಲಿಲ್ಲ.

ಇದು ಕೋರ್ಟು ಕಲಿಸಿದ್ದಲ್ಲ, ಅಪ್ಪ ಕಲಿಸಿದ್ದು. ಅಪ್ಪ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದರು. ದೇವರ ತೋಟದಲ್ಲಿ ಬೇಡವೆಂದ ಹಣ್ಣು ತಿಂದ ಆದಾಮ ಮರದ ಮರೆಯಲ್ಲಿ ಅಡಗಿದ್ದು ದೇವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ, ಎಲ್ಲಿದ್ದೀಯಪ್ಪಾ ಎಂದು ಕೂಗಿ ಕೇಳಿದ. ಪ್ರಶ್ನೆ ಮೊದಲು, ಶಿಕ್ಷೆ ಆಮೇಲೆ ಅನ್ನುತ್ತಿದ್ದರು ಅಪ್ಪ. ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ವಯಸ್ಸಾದ ಜಡ್ಜ್ ಇದೇ ಕಥೆ ಹೇಳಿ ತೀರ್ಪು ಬರೆಸಿದರಂತೆ. ಒಂದು ಮಾತೂ ಕೇಳದೆ ಕೆಲಸದಿಂದ ಕಿತ್ತುಹಾಕಿದ್ದ ಕಾವಲುಗಾರನ ಕೇಸು. ಎದುರಿನವನ ಮಾತು ಕೇಳದೆ ತೀರ್ಮಾನ ಮಾಡಬಾರದೆಂಬ ಕಾನೂನಿನ ಬೇರು ಆ ತೋಟದಲ್ಲೇ ಇದೆ, ಹಿಂದಿನ ಕಾಲದ ನ್ಯಾಯಾಧೀಶರೂ ಹಾಗೇ ಬರೆದಿಟ್ಟಿದ್ದಾರೆ ಎಂದರಂತೆ. ಅಕ್ಕ ಓಡಿ ಬಂದು ಅಪ್ಪನಿಗೆ ಹೇಳಿದಳು. ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಾ, ತಡವಾದರೂ ಸರಿ, ಕೋರ್ಟಿನವರೂ ಕಲಿತರಲ್ಲ ಎಂದರು.

ನಿವೃತ್ತಳಾದ ಮೇಲೆ ಅಕ್ಕ ನಮ್ಮ ಚರ್ಚ್ ಕಮಿಟಿಯ ನಡಾವಳಿ ಬರೆಯತೊಡಗಿದಳು. ನಾನು ಕಾರ್ಯದರ್ಶಿ. ಆರಾಧನೆಯಲ್ಲಿ ದ್ರಾಕ್ಷಾರಸ ಕೊಡುವ ಪ್ರಭುಭೋಜನದ ಬೆಳ್ಳಿ ಬಟ್ಟಲು ಇಡುವ ಬೀರುವಿಗೆ ಎರಡು ಬೀಗದಕೈ. ಒಂದು ನನ್ನಲ್ಲಿ, ಇನ್ನೊಂದು ಗಂಟೆಯಣ್ಣನಲ್ಲಿ. ಗಂಟೆ ಬಾರಿಸಿ, ನೆಲ ಒರೆಸಿ, ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ ಹಾಸಿಗೆ ಹಿಡಿದ ಹೆಂಡತಿಯ ಜೊತೆ ಇದ್ದವನು ಅವನು. ಒಂದು ಗುರುವಾರ ನೋಡಿದರೆ ಬಟ್ಟಲು ಇಲ್ಲ. ಬೀಗ ಮುರಿದಿಲ್ಲ. ಎಲ್ಲರ ಕಣ್ಣೂ ಗಂಟೆಯಣ್ಣನ ಮೇಲೆ.

ನನಗೆ ಮಾತ್ರ ಒಂದು ವಿಷಯ ಗೊತ್ತಿತ್ತು. ಹಿಂದಿನ ಭಾನುವಾರ ಆರಾಧನೆ ಮುಗಿಸಿ ಬರುವಾಗ ನನ್ನ ಬೀಗದಕೈಯನ್ನು ಬೀರುವಿನಲ್ಲೇ ಮರೆತಿದ್ದೆ. ಸಂಜೆ ಅಲ್ಲಿ ಹಾಡಿನ ಅಭ್ಯಾಸ, ಹತ್ತಾರು ಜನ ಬಂದು ಹೋಗಿದ್ದರು. ಸೋಮವಾರ ಬೆಳಿಗ್ಗೆ ಗಂಟೆಯಣ್ಣನೇ ತಂದುಕೊಟ್ಟು, ಬೀರುವಿನಲ್ಲೇ ಇತ್ತು, ಇನ್ನು ಮೇಲೆ ಜೋಪಾನ ಎಂದು ನಕ್ಕು ಹೋಗಿದ್ದ. ಹೇಳಿಬಿಡಬಹುದಿತ್ತು. ಆದರೆ ಹಿಂದಿನ ಕಾರ್ಯದರ್ಶಿಯನ್ನು ಬೇಜವಾಬ್ದಾರಿ ಮನುಷ್ಯ ಎಂದು ಸಭೆಯಲ್ಲಿ ಎದ್ದು ನಿಂತು ತೆಗೆಸಿದವನೇ ನಾನು. ಯಾವ ಮುಖ ಹೊತ್ತುಕೊಂಡು ಹೇಳಲಿ? ಬಡವನ ತಲೆ ಮೇಲೆ ಗೂಬೆ ಕೂರುವುದನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡಿದ್ದೆ. ನಾಚಿಕೆಗೇಡು.

ಶುಕ್ರವಾರ ಊಟಕ್ಕೆ ಕೂತಾಗ ಅಕ್ಕ, ಏನಾದರೂ ಹೇಳುವುದಿದೆಯಾ ಎಂದಳು. ಉಪ್ಪು ಸರಿಯಿದೆ ಎಂದೆ. ಶನಿವಾರವೂ ಕೇಳಿದಳು. ತಲೆನೋವು ಎಂದು ಎದ್ದುಹೋದೆ.

ಭಾನುವಾರ ಆರಾಧನೆಯ ನಂತರ ಕಮಿಟಿ ಕೂತಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ಗಂಟೆಯಣ್ಣನನ್ನು ತೆಗೆಯುವ ಪತ್ರಕ್ಕೆ ಆಗಲೇ ಸಹಿ ಬಿದ್ದಿತ್ತು, ಬುಧವಾರದೊಳಗೆ ಕೋಣೆ ಖಾಲಿ ಮಾಡಬೇಕು. ವಿಚಾರಣೆ ನಡೆಸಲಾಯಿತು ಎಂದು ಒಂದು ಸಾಲು ಬರೆಯಮ್ಮ, ಊಟಕ್ಕೆ ಹೊತ್ತಾಯಿತು ಎಂದರು ಅಕ್ಕನಿಗೆ.

ಅಕ್ಕ ಪೆನ್ಸಿಲ್ ಕೆಳಗಿಟ್ಟಳು. "ನಾನು ಕೇಳಿಲ್ಲ ಸಾರ್. ಕೇಳದ್ದನ್ನ ಬರೆಯೋದು ಹೇಗೆ?"

ಇದು ಕೋರ್ಟಲ್ಲ, ದೇವರ ಮನೆ ಎಂದು ಹೆಡ್‌ಮಾಸ್ತರರು ರೇಗಿದರು.

"ಹಾಗಾದ್ರೆ ಇನ್ನೂ ಮೊದಲು ಕೇಳ್ಬೇಕು. ಕೇಳೋದನ್ನ ಕೋರ್ಟು ಕಲಿತದ್ದೇ ಈ ಮನೆಯಿಂದ."

ಕೊನೆಗೆ ಗಂಟೆಯಣ್ಣನನ್ನು ಕರೆಸಿದರು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಕೂರಲಿಲ್ಲ. ಅವನು ನನ್ನತ್ತ ಒಮ್ಮೆ ನೋಡಿದ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ನಾನು ಬಟ್ಟಲು ತಗೊಂಡಿಲ್ಲ" ಎಂದ. ಮತ್ತೇನಾದರೂ ಇದೆಯಾ ಎಂದು ಅಕ್ಕ ಕೇಳಿದಳು. "ನಂದು ಇಷ್ಟೇ. ಉಳಿದದ್ದು ನಾನು ಹೇಳೋದಲ್ಲ."

ಅವನ ಮಾತು ಬರೆದು ಮುಗಿಸಿದಳು. ಇನ್ನು ಗೆರೆ ಎಳೆಯುತ್ತಾಳೆ ಎಂದು ನಾನು ಕಾದೆ. ಎಳೆಯಲಿಲ್ಲ. ಬಗ್ಗಿ ನೋಡಿದರೆ, ಕೆಳಗೆ 'ಕಾರ್ಯದರ್ಶಿ' ಎಂದು ಬರೆದಿತ್ತು. ಮುಂದೆ ಮೂರು ಸಾಲು ಖಾಲಿ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ನಾನು ಹೆಗಲು ಮುಟ್ಟಿಕೊಳ್ಳುವ ಹಾಗಾಯಿತು.

"ಬೀಗದಕೈ ಎರಡು" ಎಂದಳು ಅಕ್ಕ. ಸ್ವರ ಏರಲಿಲ್ಲ. "ಒಬ್ಬರನ್ನ ಕೇಳಿ ಆಯ್ತು. ಕಾರ್ಯದರ್ಶಿಗಳೇ, ಹೋದ ಭಾನುವಾರ ಸಂಜೆ ನಿಮ್ಮ ಬೀಗದಕೈ ಎಲ್ಲಿತ್ತು?"

ಹುಟ್ಟಿದಾಗಿನಿಂದ ಒಮ್ಮೆಯೂ ಅವಳು ನನ್ನನ್ನು ನೀವು ಎಂದವಳಲ್ಲ. 'ಮನೆಯಲ್ಲಿ' ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಗಂಟೆಯಣ್ಣ ಆಗಲೂ ಸುಮ್ಮನಿರುತ್ತಿದ್ದ, ಅದು ನನಗೆ ಖಾತ್ರಿಯಿತ್ತು. ಅವನ ಕೈಯಲ್ಲಿದ್ದ ಬಟ್ಟೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಡಗಲು ಒಂದು ಮರವೂ ಇರಲಿಲ್ಲ ಅಲ್ಲಿ.

"ಬೀರುವಿನಲ್ಲಿ" ಎಂದೆ. "ಮರೆತು ಬಂದಿದ್ದೆ. ಸೋಮವಾರ ಇವನೇ ತಂದುಕೊಟ್ಟ. ಗೊತ್ತಿದ್ದೂ ಸುಮ್ಮನಿದ್ದೆ."

ಹೆಡ್‌ಮಾಸ್ತರರು ಪತ್ರ ಹರಿದರು. ನನ್ನನ್ನು ಆ ಕ್ಷಣವೇ ತೆಗೆಯಬೇಕೆಂದು ಎದ್ದರು. ತಡೀರಿ, ಅವನಿಗೆ ಇನ್ನೇನಾದರೂ ಹೇಳುವುದಿದೆಯೋ ಕೇಳಿ, ಆಮೇಲೆ ತೆಗೆಯಿರಿ ಎಂದಳು ಅಕ್ಕ. ಇಲ್ಲ ಎಂದೆ. ಅವಳು ಎದ್ದು ನಿಂತು, ಕೋರ್ಟಿನಲ್ಲಿ ಸಾಕ್ಷಿಗೆ ಓದಿ ಹೇಳುವಂತೆ ನನ್ನ ಮಾತನ್ನು ನನಗೇ ಓದಿ ಹೇಳಿದಳು. ಸರಿಯಿದೆ ಎಂದು ಸಹಿ ಹಾಕಿದೆ. ಆಮೇಲೆ ಗೆರೆ ಎಳೆದಳು. ನನ್ನನ್ನು ತೆಗೆದರು. ಬಟ್ಟಲು ಇವತ್ತಿಗೂ ಸಿಕ್ಕಿಲ್ಲ, ಗಂಟೆಯಣ್ಣ ಅದೇ ಕೋಣೆಯಲ್ಲಿದ್ದಾನೆ.

ಮನೆಯ ದಾರಿಯಲ್ಲಿ ಕೇಳಿದೆ, ನಿನಗೆ ಮೊದಲೇ ಗೊತ್ತಿತ್ತಾ ಎಂದು. ಹೋದ ಭಾನುವಾರ ರಾತ್ರಿಯೇ ಅಡುಗೆಮನೆಯ ಮೊಳೆಯಲ್ಲಿ ನಿನ್ನ ಬೀಗದಕೈ ಇಲ್ಲದ್ದನ್ನು ನೋಡಿದ್ದೆ ಎಂದಳು. ಹಾಗಿದ್ದರೆ ನೀನೇ ಹೇಳಿಬಿಡಬಹುದಿತ್ತಲ್ಲ ಎಂದು ನನಗೆ ಸಿಟ್ಟು ಬಂತು.

"ಗೊತ್ತಿಲ್ಲ ಅಂತ ಕೇಳಿದ್ದಲ್ಲ ಕಣೋ" ಎಂದಳು ಅಕ್ಕ. "ನಿನ್ನ ಬಾಯಿಂದ ಬರ್ಲಿ ಅಂತ ಕೇಳಿದ್ದು. ಮೂರು ಸಾಲು ಸಾಕಾಯ್ತು ನೋಡು, ಅದಕ್ಕೆ ನೀನು ನನ್ನ ಇಷ್ಟು ದಿನ ಕಾಯಿಸಿದೆ."